ಹನ್ನೆರಡು ಉಂಡಿಯ ಲೆಕ್ಕ

ನಮ್ಮ ಗಣಿತದ ಮಾಸ್ತರರು ಅಂಜುಬುರುಕರು. ತೀರಿಕೊಂಡವರ ಬಗ್ಗೆ ಮಾತು ಹೀಗೆ ಶುರು ಮಾಡಬಾರದು ಎಂದು ಯಾರಾದರೂ ಅಂದರೆ ಅನ್ನಲಿ ಬಿಡಿ, ಅವರು ಆ ಮನುಷ್ಯನನ್ನು ನೋಡಿದವರಲ್ಲ. ಯರಗಟ್ಟಿಯ ನಮ್ಮ ಹೈಸ್ಕೂಲಿನಲ್ಲಿ ನಾಯಿ ಬೊಗಳಿದರೆ ಎದ್ದು ಬಾಗಿಲು ಹಾಕುತ್ತಿದ್ದವರು ಅವರು. ಹೆಡ್‌ಮಾಸ್ತರರು ವರಾಂಡದಲ್ಲಿ ಕೆಮ್ಮಿದರೆ ಇವರ ಕೈಯಲ್ಲಿನ ಚಾಕ್‌ಪೀಸು ಮುರಿಯುತ್ತಿತ್ತು. ಗುಡುಗಿದರಂತೂ ಬೋರ್ಡಿಗೆ ಬೆನ್ನು ಹಚ್ಚಿ ನಿಂತು, "ಏನಾಗೂದಿಲ್ಲ, ಏನಾಗೂದಿಲ್ಲ" ಎಂದು ನಮಗೆ ಧೈರ್ಯ ಹೇಳುತ್ತಿದ್ದರು. ಧೈರ್ಯ ಬೇಕಾಗಿದ್ದು ಯಾರಿಗೆ ಎಂಬುದು ಇಡೀ ಕ್ಲಾಸಿಗೆ ಗೊತ್ತಿತ್ತು.

ನಾನು ಬಸ್ ಕಂಡಕ್ಟರ್. ಯರಗಟ್ಟಿ, ಸವದತ್ತಿ, ಬೈಲಹೊಂಗಲ ಎಂದು ದಿನವಿಡೀ ತಿರುಗುವುದು, ದಿನವಿಡೀ ಒದರುವುದು ನನ್ನ ಕೆಲಸ. ಮೊನ್ನೆ ಸಂಪಗಾಂವದ ಅಜ್ಜಿಯೊಬ್ಬಳು ಹತ್ತಿ, ಆಧಾರ್ ಕಾರ್ಡನ್ನು ಕುಪ್ಪಸದಿಂದ ತೆಗೆಯಲು ಅರ್ಧ ದಾರಿ ತೆಗೆದುಕೊಂಡಳು. ನಾನು ರೇಗಿದೆ. "ಎಷ್ಟ ಒದರ್ತೀಯ ನಮ್ಮವ್ವ, ನಿನ್ನ ಗಂಡ ಹ್ಯಾಂಗ ಬಾಳೇ ಮಾಡ್ತಾನ" ಎಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕು, ಸಂಪಗಾಂವ ನಮ್ಮ ಮಾಸ್ತರರ ಊರೆಂಬುದು ನೆನಪಾಗಿ, ನಿಮ್ಮೂರಿನ ಗಣಿತದ ಮಾಸ್ತರರು ಹೇಗಿದ್ದಾರೆ ಎಂದು ಕೇಳಿದೆ.

"ಅಯ್ಯ, ಅವ್ರು ಹ್ವಾದ್ರಲ್ಲ. ಮಕ್ಕೊಂಡಲ್ಲೇ. ಯಾರಿಗೂ ತ್ರಾಸ ಕೊಡಲಿಲ್ಲ ಪುಣ್ಯಾತ್ಮ."

ಸೀಟಿ ಬಾಯಲ್ಲೇ ಉಳಿಯಿತು. ಸ್ಟಾಪ್ ದಾಟಿ ಹೋಯಿತು, ಇಳಿಯುವವರು ನನ್ನನ್ನು ಬೈದರು.

ಅವರು ನಮಗೆ ಕಲಿಸಿದ್ದು ಹತ್ತನೆಯ ತರಗತಿಯಲ್ಲಿ. ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ ಎಂದು ಪಾಠದ ಹೆಸರು. ಹೆಸರು ಓದುವಷ್ಟರಲ್ಲೇ ನಮಗೆ ಬೆವರು. ಅದರಲ್ಲೂ ಹೇಳಿಕೆ ಲೆಕ್ಕ ಎಂದರೆ ಜ್ವರ ಬಂದಂತೆ. ಬರೀ ಅಂಕಿ ಕೊಟ್ಟರೆ ಹೇಗೋ ಕೂಡಿಸಿ ಕಳೆದು ದಡ ಸೇರಬಹುದು. ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಐದು ವರ್ಷಗಳ ಹಿಂದೆ ಇಷ್ಟರಷ್ಟು ಎಂದು ಕಥೆ ಶುರುವಾದರೆ ಎಲ್ಲಿ ಹಿಡಿಯುವುದು, ಎಲ್ಲಿ ಬಿಡುವುದು?

ಮಾಸ್ತರರು ಪುಸ್ತಕ ಮುಚ್ಚಿಸುತ್ತಿದ್ದರು. ಪೆನ್ನನ್ನೂ ಕೆಳಗೆ ಇಡಿಸುತ್ತಿದ್ದರು. "ಮೊದಲ ಕಥಿ ಹೇಳ್ರಿ. ನಿಮ್ಮ ಮನಿ ಮಾತಿನ್ಯಾಗ ಹೇಳ್ರಿ. ಯಾರ್ಯಾರದಾರ, ಏನ ಗೊತ್ತೈತಿ, ಏನ ಗೊತ್ತಿಲ್ಲ" ಎನ್ನುತ್ತಿದ್ದರು. ನಾವು ತಡಬಡಿಸಿ ಹೇಳಿ ಮುಗಿಸಿದ ಮೇಲೆ, "ಈಗ ಎಕ್ಸ್ ಅಂದ್ರ ಯಾರು? ಹೆಸರ ಕೇಳದ ಯಾರನ್ನೂ ಮನಿಯೊಳಗ ಕರಕೋಬಾರದವಾ" ಎನ್ನುವರು. ಎಕ್ಸ್ ಯಾರೆಂದು ಬರೆಯದೆ ಸಮೀಕರಣಕ್ಕೆ ಕೈ ಹಾಕಿದವರ ಪುಸ್ತಕವನ್ನು ಅವರು ತಿದ್ದುತ್ತಿರಲಿಲ್ಲ.

ದೋಣಿಯ ಲೆಕ್ಕ ಹೇಳುವಾಗ ನೋಡಬೇಕಿತ್ತು ಅವರನ್ನು. ಹೊಳೆಯ ಸೆಳವಿನ ಜೊತೆ ಹೋಗುವ ದೋಣಿ, ಸೆಳವಿಗೆ ಎದುರಾಗಿ ಬರುವ ದೋಣಿ. ನೀರು ಎಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಶಾಲೆಯಿಂದ ಸವದತ್ತಿಯ ಡ್ಯಾಮಿಗೆ ಕರೆದುಕೊಂಡು ಹೋದಾಗ ಅವರು ಬಸ್ಸಿನಿಂದ ಇಳಿದಿರಲಿಲ್ಲ. ಆದ್ದರಿಂದ ದೋಣಿಯ ಲೆಕ್ಕವಿದ್ದ ದಿನ ಪಾಠ ಮುಗಿಯುವವರೆಗೂ ಒಂದು ಕೈಯಲ್ಲಿ ಟೇಬಲ್ಲಿನ ಅಂಚು ಹಿಡಿದುಕೊಂಡೇ ಇರುತ್ತಿದ್ದರು. ಹಿಂದಿನ ಬೆಂಚಿನವರು, "ಸರ್, ಈಜು ಕಲೀರಿ" ಎಂದರೆ, "ಲೆಕ್ಕ ಬಿಡಸಾಕ ಈಜ ಯಾಕಪಾ ಬೇಕು" ಎನ್ನುತ್ತಿದ್ದರು.

ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ. ಒಮ್ಮೆ ನನ್ನ ಪಕ್ಕದ ಹುಡುಗಿಗೆ ಕೋಳಿ ಮತ್ತು ಆಡುಗಳ ಲೆಕ್ಕದಲ್ಲಿ ಕೋಳಿಗಳು ಮೈನಸ್ ಬಂದವು. ಅವಳು ಅಳುತ್ತ ಕೈ ಚಾಚಿದಳು. ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. "ಕೈ ತಗಿಯವಾ. ನಾ ಹೊಡದ್ರ ನಿಮ್ಮಪ್ಪ ಬಂದು ನನ್ನ ಹೊಡದಾನು" ಎಂದರು. ಅದು ತಮಾಷೆಯಲ್ಲ. ನಿಜವಾಗಿಯೂ ಬಾಗಿಲ ಕಡೆ ನೋಡಿದರು.

ಇಂಥ ಮನುಷ್ಯನ ಬಾಗಿಲಿಗೆ ನಾನು ಒಂದು ಸಂಜೆ ಹೋಗಿ ನಿಂತೆ. ಯಾಕೆ ಹೋದೆ ಎಂಬುದನ್ನು ಹೇಳಬೇಕು.

ನನ್ನ ಹುಟ್ಟಿದ ದಿನ ಜೂನ್ ಒಂದು. ನಮ್ಮ ಅಣ್ಣನದೂ ಜೂನ್ ಒಂದು. ನಮ್ಮ ಕಡೆ ಹಳೆಯ ಹಾಜರಿ ತೆಗೆದು ನೋಡಿದರೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿರುತ್ತದೆ. ಮನೆಯಲ್ಲಿ ಹೆತ್ತ ಮಕ್ಕಳು, ಯಾರೂ ಬರೆದಿಟ್ಟಿರುವುದಿಲ್ಲ. ಶಾಲೆಗೆ ಸೇರಿಸುವ ದಿನ ಅಲ್ಲಿನ ಯಾರೋ ಒಬ್ಬ ಮಾಸ್ತರರು ಮುಖ ನೋಡಿ, ವಯಸ್ಸು ಸರಿಹೋಗುವ ಹಾಗೆ ಒಂದು ವರ್ಷ ಹಾಕಿ, ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮ ಅವ್ವ ಮೂರನೆಯ ಹೆರಿಗೆಯಲ್ಲಿ ತೀರಿಕೊಂಡ ವರ್ಷವೇ ನಮ್ಮಿಬ್ಬರನ್ನೂ ಒಂದೇ ದಿನ ಶಾಲೆಗೆ ಸೇರಿಸಿದರು. ಅಜ್ಜಿ ಆಗ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು, ಹಗಲು ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರು ಇರಲಿಲ್ಲ, ಅದಕ್ಕೆ ಅಣ್ಣನ ಜೊತೆ ಅಟ್ಟಿದರು. ಅವನಿಗೆ ಏಳು ಎಂದು, ನನಗೆ ಆರು ಎಂದು ಬರೆದರು.

ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿದು, ಆ ಕಾಗದದ ಪ್ರಕಾರ ನನಗೆ ಹದಿನೆಂಟು ತುಂಬುವುದನ್ನೇ ಅಪ್ಪ ಕಾಯುತ್ತಿದ್ದ. ಅಪ್ಪ ಯರಗಟ್ಟಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವನು, ಶಾಲೆಯ ಕಮಿಟಿಯಲ್ಲೂ ಇದ್ದವನು. "ನಾ ಕಾಯ್ದೆ ಮೀರೂ ಮನಶ್ಯಾ ಅಲ್ಲ. ಹದಿನೆಂಟ ತುಂಬಿದ ಮ್ಯಾಲೇ ಲಗ್ನ" ಎಂದು ಎಲ್ಲರೆದುರು ಎದೆ ತಟ್ಟಿ ಹೇಳುತ್ತಿದ್ದ. ವರ ಬೇರೆ ಯಾರೂ ಅಲ್ಲ, ರಾಮದುರ್ಗದ ಆಚೆ ಸಾಲಹಳ್ಳಿಗೆ ಕೊಟ್ಟಿದ್ದ ನನ್ನ ಸೋದರತ್ತೆಯ ಮಗ. ಅವನು ಕೆಟ್ಟವನಲ್ಲ. ಅತ್ತೆಯಂತೂ ತಾಯಿ ಇಲ್ಲದ ನಮ್ಮನ್ನು ತಾಯಿಯಂತೆ ನೋಡಿದವಳು.

ಆದರೂ ನನಗೆ ಹೆದರಿಕೆ. ಎಂಥ ಹೆದರಿಕೆ ಎಂದರೆ ತಟ್ಟೆಯಲ್ಲಿನ ರೊಟ್ಟಿಯನ್ನು ನಾಯಿಗೆ ಹಾಕಿ ಬರುತ್ತಿದ್ದೆ. ನನ್ನ ಓಣಿಯ ಗೆಳತಿಯನ್ನು ಹಿಂದಿನ ವರ್ಷ ಲಗ್ನ ಮಾಡಿ ಕೊಟ್ಟಿದ್ದರು. ಹೆರಿಗೆಗೆ ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಅವಳ ಹೆಣ ನಮ್ಮ ಮನೆಯ ಮುಂದೆಯೇ ಹೋಯಿತು. ಅವ್ವನ ಹೆಣ ನನಗೆ ನೆನಪಿಲ್ಲ, ಆದರೆ ಅಂದಿನಿಂದ ಅವ್ವನದೂ ನೆನಪಾದಂತೆ ಆಗತೊಡಗಿತು. ನಾನೂ ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಇದನ್ನು ಯಾರಿಗೆ ಹೇಳುವುದು? ಹೇಳಿದರೆ ಹುಚ್ಚಿ ಎನ್ನುತ್ತಾರೆ.

ಒಂದು ದಿನ ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ, ಅಪ್ಪನ ತಾಯಿ, ಅಕ್ಕಿ ಆರಿಸುತ್ತ, "ನಿಮ್ಮಣ್ಣ ನಿನಕಿಂತ ಮೂರ ವರ್ಷ ದೊಡ್ಡಾಂವ" ಎಂದಳು. ಕಾಗದದಲ್ಲಿ ಒಂದೇ ವರ್ಷದ ಅಂತರ. ಹಾಗಾದರೆ ಒಂದೋ ಅಣ್ಣನ ವಯಸ್ಸು ಸುಳ್ಳು, ಇಲ್ಲವೇ ನನ್ನದು. ನಾನು ಬೆನ್ನು ಹತ್ತಿ ಕೇಳಿದೆ. "ಅವಗ ಐದ ತುಂಬಿದಾಗ ನಿನಗ ಎರಡ. ಚೆಂದ ನೆನಪೈತಿ" ಎಂದಳು. ಆ ಎರಡು ಮಾತು ಕಟ್ಟಿಕೊಂಡು ಮಾಸ್ತರರ ಬಾಡಿಗೆ ಮನೆಗೆ ಓಡಿದೆ.

ಅವರು ಬಾಗಿಲನ್ನು ಅರ್ಧ ತೆರೆದು, ನನ್ನ ಹಿಂದೆ ಅಪ್ಪ ಇದ್ದಾನೋ ಎಂದು ಬೀದಿ ನೋಡಿ, ಆಮೇಲೆ ಪೂರ್ತಿ ತೆರೆದರು. ನಾನು ನಿಂತಲ್ಲೇ ಎಲ್ಲ ಹೇಳಿದೆ.

"ನಿನಗ ಎಷ್ಟ ಗೊತ್ತಿಲ್ಲ, ನಿಮ್ಮಣ್ಣಗ ಎಷ್ಟ ಗೊತ್ತಿಲ್ಲ. ಎರಡು ಗೊತ್ತಿಲ್ಲದ್ದು" ಎಂದರು.

"ಎರಡ ಮಾತ ತಂದೇನಲ್ರಿ ಸರ್."

"ಇಲ್ಲವಾ. ಮೂರ ವರ್ಷ ದೊಡ್ಡಾಂವ ಅಂದ್ರೂ ಅದ, ಐದಿದ್ದಾಗ ಎರಡು ಅಂದ್ರೂ ಅದ. ಒಂದ ಮಾತನ್ನ ಎರಡ ಸಲ ಹೇಳ್ಯಾಳ ನಿಮ್ಮಾಯಿ. ಇದರಿಂದ ಉತ್ತರ ಬರೂದಿಲ್ಲ. ಬ್ಯಾರೆ ಮಾತು ಬೇಕು."

ಬೇರೆ ಮಾತು ನನ್ನಲ್ಲಿ ಇರಲಿಲ್ಲ. ಸೋಮವಾರ ಅತ್ತೆ ಬರುತ್ತಾಳೆ, ಅಂದೇ ದಿನ ಗೊತ್ತು ಮಾಡುತ್ತಾರೆ, ನೀವು ಬಂದು ಅಪ್ಪನ ಜೊತೆ ಮಾತಾಡಿ ಎಂದು ಕಾಲಿಗೆ ಬಿದ್ದೆ. ಅವರು ಗೋಡೆಗೆ ಸರಿದು ನಿಂತರು.

"ನಾ ಬರಾಕ ಆಗೂದಿಲ್ಲವಾ. ನಿಮ್ಮಪ್ಪ ಕಮಿಟಿಯೊಳಗ ಅದಾನ. ನನಗ ಅಂಜಿಕಿ."

ಎಷ್ಟು ನೆಟ್ಟಗೆ ಹೇಳಿದರು ನೋಡಿ. ನೋಡೋಣ, ಪ್ರಯತ್ನ ಮಾಡೋಣ ಎಂದು ಸುಳ್ಳು ಹೇಳಲಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೇಡಿ ಎಂದು ಬೈದುಕೊಳ್ಳುತ್ತ, ಅಳುತ್ತ ಮನೆಗೆ ಬಂದೆ.

ಸೋಮವಾರ ಅತ್ತೆ ಬಂದಳು. ಸೀರೆ, ಕೊಬ್ಬರಿ, ಸಕ್ಕರೆ ತಂದಿದ್ದಳು. ನನ್ನ ಗಲ್ಲ ಸವರಿ, "ಎಷ್ಟ ಸೊರಗೀಯ ಯವ್ವಾ, ನಮ್ಮಲ್ಲಿ ಬಾ, ತುಪ್ಪಾ ಹಾಕಿ ಉಣಸ್ತೇನಿ" ಎಂದಳು. ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಪಂಚಾಂಗ ತಂದು ಮುಂದೆ ಇಟ್ಟುಕೊಂಡಿದ್ದ. ಆಗ ಬಾಗಿಲಲ್ಲಿ ನೆರಳು ಕಂಡಿತು.

ಮಾಸ್ತರರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊರಗಿನ ಕಟ್ಟೆಯ ತುದಿಯಲ್ಲಿ, ಯಾವಾಗ ಬೇಕಾದರೂ ಓಡುವವರ ಹಾಗೆ ಕುಳಿತರು. ನೀರು ಕೇಳಿದರು. ತಂಬಿಗೆ ಕೊಟ್ಟೆ, ಅರ್ಧ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡು ಕುಡಿದರು. ಅವರು ನನ್ನ ಮುಖ ನೋಡಲಿಲ್ಲ.

"ಏನ್ ಮಾಸ್ತರ, ಏನ ಬಂದ್ರಿ?" ಅಪ್ಪ ಹೊರಗೆ ಬಂದ. ಹಿಂದೆಯೇ ಅತ್ತೆ, ಆಯಿ.

"ಒಂದ... ಒಂದ ಲೆಕ್ಕ ಐತ್ರಿ" ಎಂದರು ಮಾಸ್ತರರು. ನಮ್ಮ ಅತ್ತೆಯ ಕಡೆ ತಿರುಗಿದರು. "ಅಕ್ಕಾರ, ಈ ಮಕ್ಕಳನ್ನ ಸಾಲಿಗೆ ಹಾಕಿದ ವರ್ಷದ್ದು ನಿಮಗ ಏನರ ನೆನಪೈತೇನ್ರಿ?"

"ನೆನಪಿಲ್ಲೇನ್ರಿ! ಈ ಮಕ್ಕಳ ಅವ್ವ ಸತ್ತ ವರ್ಷ ಅದು" ಅತ್ತೆಯ ಕಣ್ಣು ಆಗಲೇ ತುಂಬಿದವು. "ನಾಗರ ಪಂಚಮಿ ಬಂತು. ತಾಯಿ ಇಲ್ಲದ ಮಕ್ಕಳಿಗೆ ಉಂಡಿ ಕಟ್ಟಾವರ ಯಾರು? ವಯಸ್ಸಿಗೆ ಒಂದೊಂದ ಉಂಡಿ ಅಂತ ನಾನ ಕಟ್ಟಿ, ಅರಿವ್ಯಾಗ ಸುತ್ತಿ ಕಳಿಸಿದ್ದೆ. ನಮ್ಮತ್ತಿ ನೋಡಿಬಿಟ್ಟಳು. ಒಂದ ಡಜನ್ ಉಂಡಿ ತವರಿಗೆ ಸಾಗಸ್ತಾಳ ಅಂತ ಸಾಯೂತನಕಾ ಅಂದು ಅಂದು ತೋರಿಸಿದಳ್ರಿ. ಹನ್ನೆರಡ ಅನ್ನೂದು ನಾ ಮರತೇನು?"

"ಅವಗೆಷ್ಟು, ಈಕಿಗೆಷ್ಟು?"

"ಅದ ನೆನಪಿಲ್ರಿ. ಒಂದ ಗಂಟಿನ್ಯಾಗ ಕಟ್ಟಿದ್ದೆ. ಹನ್ನೆರಡ ಅಷ್ಟ ನೆನಪು."

ಮಾಸ್ತರರು ಜೇಬಿನಿಂದ ಚಾಕ್‌ಪೀಸು ತೆಗೆದರು. ನಮ್ಮ ಕಟ್ಟೆಗೆ ಕರಿಯ ಕಡಪಾ ಕಲ್ಲು ಹಾಕಿಸಿದ್ದರು. ಅದರ ಮೇಲೆಯೇ, "ಎಕ್ಸ್ ಅಂದ್ರ ಈಕಿ. ವೈ ಅಂದ್ರ ಈಕಿ ಅಣ್ಣ. ಆ ವರ್ಷದ ವಯಸ್ಸು" ಎಂದು ಹೇಳಿಕೊಳ್ಳುತ್ತ ಬರೆದರು. ಎರಡೂ ಕೂಡಿದರೆ ಹನ್ನೆರಡು. ಆಯಿ ಹೇಳಿದಂತೆ ಅಂತರ ಮೂರು. ಎರಡು ಸಾಲು ಕೂಡಿಸಿದರು. ಎರಡು ವೈ ಸೇರಿ ಹದಿನೈದು. ಅಲ್ಲಿಗೆ ಅವರ ಕೈ ನಿಂತಿತು. ಅಣ್ಣನಿಗೆ ಏಳೂವರೆ ಉಂಡಿ, ನನಗೆ ನಾಲ್ಕೂವರೆ.

ಅಪ್ಪ ಬಗ್ಗಿ ನೋಡಿ ನಕ್ಕ. "ಏಳೂವರಿ? ನಮ್ಮಕ್ಕ ಉಂಡಿ ಒಡದ ಅರ್ಧ ಅರ್ಧ ಕಳಸ್ತಾಳೇನ್ರಿ? ಇದನ್ನ ಕಲಸ್ತೀರೇನ್ ಸಾಲ್ಯಾಗ?" ಮರುಕ್ಷಣವೇ ನಗು ಹೋಯಿತು. ಮಾಸ್ತರರು ಯಾಕೆ ಬಂದಿದ್ದಾರೆ ಎಂಬುದು ಅವನಿಗೆ ಹೊಳೆದಿತ್ತು. ನನ್ನ ಕಡೆ ತಿರುಗಿ ನೋಡಿದ. "ನಡೀರಿ ಮಾಸ್ತರ. ಎದ್ದ ನಡೀರಿ."

ಎಲ್ಲ ಮುಗಿಯಿತು ಎಂದುಕೊಂಡೆ. ಆ ಗಳಿಗೆಯ ಹೆದರಿಕೆಯನ್ನು ನಾನು ಇವತ್ತಿಗೂ ಯಾರಿಗೂ ಸರಿಯಾಗಿ ಹೇಳಲಾರೆ. ಮಾಸ್ತರರು ಎದ್ದರು. ಒಂದು ಚಪ್ಪಲಿ ಮೆಟ್ಟಿಕೊಂಡರು. ಇನ್ನೊಂದು ಕಾಲಿಗೆ ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ತಮ್ಮಷ್ಟಕ್ಕೇ, "ಕಥಿಯೊಳಗ ಏನೋ ಬಿಟ್ಟೇವಿ" ಎಂದು ಗೊಣಗಿದರು. ಆಮೇಲೆ ತಲೆ ಎತ್ತಿ, "ಅಕ್ಕಾರ, ಹನ್ನೆರಡೂ ಮಕ್ಕಳಿಗೇ ಏನ್ರಿ?" ಎಂದು ಕೇಳಿದರು.

ಅತ್ತೆಗೆ ಸಿಟ್ಟೇ ಬಂತು. "ಹನ್ನೆರಡೂ ಮಕ್ಕಳಿಗೇ ಹ್ಯಾಂಗ ಆಗತಾವ್ರಿ? ಪಂಚಮಿ ಉಂಡಿ ಅವು! ನಾಗಪ್ಪನ ಪಾಲಿಗೆ ಒಂದ ಎತ್ತಿ ಇಡಬೇಕೋ ಬ್ಯಾಡೋ? ಅಷ್ಟೂ ಗೊತ್ತಿಲ್ಲೇನ್ರಿ ನಿಮಗ?"

ಮಾಸ್ತರರು ಒಂದೇ ಚಪ್ಪಲಿಯಲ್ಲಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಹನ್ನೆರಡನ್ನು ಬೆರಳಿನಿಂದ ಒರೆಸಿ ಹನ್ನೊಂದು ಬರೆದರು. ಎರಡು ವೈ ಸೇರಿ ಹದಿನಾಲ್ಕು. ವೈ ಏಳು. ಎಕ್ಸ್ ನಾಲ್ಕು. ಏಳು ಮತ್ತು ನಾಲ್ಕು ಹನ್ನೊಂದು, ನಾಗಪ್ಪನದು ಸೇರಿ ಹನ್ನೆರಡು. ಏಳರಲ್ಲಿ ನಾಲ್ಕು ಹೋದರೆ ಮೂರು. ಬೆರಳಿಟ್ಟು ಎರಡೂ ಮಾತನ್ನು ತಾಳೆ ನೋಡಿದರು.

"ಆ ವರ್ಷ ಈಕಿಗೆ ನಾಕು" ಎಂದರು. "ಸಾಲ್ಯಾಗ ಆರು ಅಂತ ಬರದಾರ. ಎರಡ ವರ್ಷ ಹೆಚ್ಚಿಗಿ. ಈಗ ಈಕಿಗೆ ಹದಿನಾರ್ರಿ. ಹದಿನೆಂಟಲ್ರಿ."

"ಕಾಗದದಾಗ ಹದಿನೆಂಟ ಐತಿ" ಎಂದ ಅಪ್ಪ.

"ಕಾಗದ ಬರದಾಂವ ನನ್ನಂಥಾ ಒಬ್ಬ ಮಾಸ್ತರನ ಅದಾನ್ರಿ."

ಅಪ್ಪನ ಮುಖ ಕೆಂಪಾಯಿತು. ಬರೆದದ್ದನ್ನು ಅಳಿಸಲು ಕಲ್ಲಿನ ಮೇಲೆ ಕಾಲೆತ್ತಿದ. ಮಾಸ್ತರರು ಅಂಗೈ ಚಾಚಿ ಲೆಕ್ಕದ ಮೇಲೆ ಇಟ್ಟುಬಿಟ್ಟರು. ಕಾಲಿಟ್ಟರೆ ಅವರ ಕೈಯ ಮೇಲೆಯೇ ಇಡಬೇಕು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

"ನನಗ ನಿಮ್ಮ ಅಂಜಿಕಿ ಐತ್ರಿ. ಬಾಳ ಐತ್ರಿ. ಒರಸಬ್ಯಾಡ್ರಿ."

ಅಪ್ಪನ ಕಾಲು ಮೇಲೆಯೇ ನಿಂತಿತು. ಹಿಂದಕ್ಕೆ ತೆಗೆದುಕೊಂಡನೋ, ಅತ್ತೆ ತೋಳು ಹಿಡಿದು ಎಳೆದಳೋ ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಕೈ ಒಂದೇ.

ಅತ್ತೆ ಕಟ್ಟೆಯ ಮೇಲೆ ಕುಳಿತಳು. ಅಕ್ಷರ ಬಾರದವಳು, ಕಲ್ಲಿನ ಮೇಲಿನ ಬಿಳಿ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಹದಿನಾರು ಎಂದು ಒಮ್ಮೆ ಮೆಲ್ಲಗೆ ಅಂದುಕೊಂಡಳು. ಆಮೇಲೆ ಆಯಿಯ ಕಡೆ ತಿರುಗಿದಳು.

"ಅವ್ವಾ, ನನ್ನ ಕೊಟ್ಟಾಗ ನನಗೆಷ್ಟಿತ್ತು?"

ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಯಾರ ಕಂಡಾರವಾ. ನೀ ಅವಾಗ ಇನ್ನಾ ಗಜ್ಜುಗ ಆಡ್ತಿದ್ದಿ."

"ಮಾಸ್ತರ್ರ, ಅದರಿಂದ ಬರತೈತೇನ್ರಿ ಲೆಕ್ಕಾ? ನಂದೂ ಒಂದು ತಗದ ಹೇಳ್ರಿ."

ಮಾಸ್ತರರು ಚಾಕ್‌ಪೀಸು ಹಿಡಿದರು. ಎಕ್ಸ್ ಎಂದು ಬರೆದರು. ಮುಂದೆ ಬರೆಯಲು ಏನೂ ಇರಲಿಲ್ಲ. ಆಯಿಯ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಅಪ್ಪ ತಲೆ ತಗ್ಗಿಸಿದ.

"ಇಲ್ರಿ ಅಕ್ಕಾರ. ಇನ್ನೊಂದ ಮಾತು ಬೇಕಾಗ್ತೈತ್ರಿ. ಯಾರರ ನೆನಪಿಟ್ಟಿರಬೇಕ್ರಿ."

"ಯಾರೂ ಇಟ್ಟಿಲ್ಲ" ಎಂದಳು ಅತ್ತೆ. ಮೂಗು ಒರೆಸಿಕೊಂಡು ಎದ್ದಳು. ಒಳಗೆ ಹೋಗಿ, ತಾನೇ ತಂದಿದ್ದ ಸೀರೆಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. "ಹೋಗ್ಲಿ ಬಿಡ್ರಿ ಮಾಸ್ತರ್ರ, ನಂದ ಸಿಗದಿದ್ರ ಹೋಗ್ಲಿ. ಈಕಿದ ಸಿಕ್ಕತಲ್ಲ."